ಆಳುವವರ ಗಿರಿನಿವಾಸಗಳೂ ಪ್ರಜೆಗಳ ಬೊಕ್ಕಸವೂ

ರಾಜ್ಯದ ಸಪ್ತಾಂಗಗಳನ್ನು ಹೇಳಿದ ಕೌಟಿಲ್ಯನು ಕೋಶವನ್ನೂ ಅವುಗಳಲ್ಲೊಂದಾಗಿ ಎಣಿಸಿರುವನು. ರಾಜ್ಯಭಾರದಿಂದ ಬಳಲಿದವರಿಗೆ ವಿಶ್ರಾಂತಿ ಬೇಕೆಂಬುದು ನಿರ್ವಿವಾದ. ಆದರೆ ಆ ವಿಶ್ರಾಂತಿಗೃಹಗಳ ವೆಚ್ಚವನ್ನು ಹೊರತಕ್ಕವರು ಯಾರೆಂಬ ಪ್ರಶ್ನೆಗೆ ಚರಿತ್ರೆಯು ಒಂದೇ ಉತ್ತರವನ್ನು ಕೊಟ್ಟಿಲ್ಲ.

1834 ರಿಂದ 1861 ರ ವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನಿಗೆ ನಂದಿಬೆಟ್ಟದ ಮೇಲೆ ಬೇಸಗೆಯ ಬಂಗಲೆಯಿದ್ದಿತು. 1864 ರಲ್ಲಿ ಸಿಮ್ಲಾ ನಗರವು ಹಿಂದೂಸ್ಥಾನ ಸರ್ಕಾರದ ಬೇಸಗೆಯ ರಾಜಧಾನಿಯಾಯಿತು. ಅಲ್ಲಿಂದ ಮುಂದೆ ವರ್ಷವರ್ಷವೂ ಗುಮಾಸ್ತರೂ ದಫ್ತರಗಳೂ ಬೆಟ್ಟವನ್ನೇರಿ ಇಳಿಯುವಂತಾಯಿತು. 1888 ರಲ್ಲಿ ವೈಸರಾಯರ ಭವ್ಯಸೌಧವೂ ಸಿದ್ಧವಾಯಿತು. ಇದಕ್ಕೆಲ್ಲ ಕಂದಾಯ ತೆತ್ತ ರೈತನಿಗೆ ಲೆಕ್ಕ ಕೇಳುವ ಅಧಿಕಾರವಿರಲಿಲ್ಲ.

ಇಂಗ್ಲೆಂಡಿನಲ್ಲಿ ಬೇರೊಂದು ಮಾರ್ಗ ಹುಟ್ಟಿತು. ಸ್ವಂತ ಜಹಗೀರಿಲ್ಲದವರೂ ಪ್ರಧಾನಮಂತ್ರಿಗಳಾಗುವ ಕಾಲ ಬಂದಿತೆಂದು ಕಂಡ ಆರ್ಥರ್ ಲೀ ದಂಪತಿಗಳು ಚೆಕರ್ಸ್ ಎಂಬ ತಮ್ಮ ಗ್ರಾಮಸೌಧವನ್ನು ರಾಷ್ಟ್ರಕ್ಕೆ ದಾನವಿತ್ತರು. 1917 ರಲ್ಲಿ ಇದಕ್ಕಾಗಿ ಕಾನೂನು ಆಯಿತು. 1921 ರಿಂದ ಮನೆಯು ಬಳಕೆಗೆ ಬಂದಿತು. ಮನೆಯೊಡನೆ ಅದರ ನಿರ್ವಹಣೆಗೆ ಇಡುಗಂಟನ್ನೂ ಇಟ್ಟದ್ದು ದಾನಿಗಳ ವಿವೇಕ. ಆದರೂ ಕಾಲಕ್ರಮದಲ್ಲಿ ಬೆಲೆಗಳೇರಿ ಇಡುಗಂಟು ಸಾಲದಾಯಿತು; ಸರ್ಕಾರದ ಬೊಕ್ಕಸವೇ ಕೈನೀಡಬೇಕಾಯಿತು. ದಾನವಾಗಿ ಬಂದ ಮನೆಗೂ ಮಾಡು, ಮಾಲಿ, ಕಾವಲುಗಾರರ ವೆಚ್ಚ ತಪ್ಪದು.

ನಮ್ಮ ಭದ್ರಾವತಿಗೆ ಸಮೀಪದ ಕೆಮ್ಮಣ್ಣುಗುಂಡಿಯ ಕಥೆ ಇನ್ನೊಂದು ಬಗೆಯದು. ಅದು ನಾಲ್ವಡಿ ಕೃಷ್ಣರಾಜ ಒಡೆಯರವರ ಬೇಸಗೆಯ ಬೀಡಾಗಿದ್ದಿತು. ಅದೇ ಗಿರಿಯ ಅದಿರು, 1923 ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಪೋಷಿಸಿ ಸಾವಿರಾರು ಮಂದಿಗೆ ಅನ್ನವಿತ್ತಿತು. ಮುಂದೆ ಗಿರಿಧಾಮವು ಸರ್ಕಾರಕ್ಕೆ ಸೇರಿ, ತೋಟಗಾರಿಕೆಯ ಇಲಾಖೆಯ ವಶಕ್ಕೆ ಬಂದಿತು. ಅರಸರು ತಂಗುತ್ತಿದ್ದ ಬೆಟ್ಟದಲ್ಲಿ ಇಂದು ಸಾಮಾನ್ಯ ಕುಟುಂಬದವರೂ ಬಾಡಿಗೆ ತೆತ್ತು ತಂಗುವರು. ಸಿಮ್ಲೆಯ ವೈಸರಾಯರ ಸೌಧವೂ 1965 ರಲ್ಲಿ ವಿದ್ವಾಂಸರ ಅಧ್ಯಯನಮಂದಿರವಾಯಿತು.

ಕೆಳದಿಯ ಶಿವಪ್ಪನಾಯಕನು ಕಂದಾಯವನ್ನು ಗೊತ್ತುಮಾಡುವ ಮುನ್ನ ಹನ್ನೆರಡು ವರ್ಷ ಬಗೆಬಗೆಯ ಭೂಮಿಗಳಲ್ಲಿ ಬೇಸಾಯ ಮಾಡಿಸಿ, ಬೀಜ, ಕೂಲಿ, ಫಸಲುಗಳ ಲೆಕ್ಕವಿಡಿಸಿದನೆಂದು ನಾಡಿನಲ್ಲಿ ಪ್ರತೀತಿಯುಂಟು. ಅವನ ಶಿಸ್ತು ಇಂದಿಗೂ ಮನೆಮಾತಾಗಿರುವುದು ಅದರಿಂದಲೇ. ಪ್ರಜೆಯಿಂದ ತೆಗೆದುಕೊಳ್ಳುವುದಕ್ಕೆ ಅಷ್ಟು ಲೆಕ್ಕ ಬೇಕಾದರೆ, ಪ್ರಜೆಯ ಹಣದಿಂದ ಮಂತ್ರಿಗಳ ಬಂಗಲೆಗಳನ್ನು ಕಾಯುವುದಕ್ಕೂ ಅಷ್ಟೇ ಲೆಕ್ಕ ಬೇಕು. ಪ್ರತಿಯೊಂದು ಬಂಗಲೆಯಲ್ಲಿ ವರ್ಷಕ್ಕೆ ಎಷ್ಟು ದಿನ ದೀಪ ಉರಿಯಿತು, ಅದಕ್ಕೆಷ್ಟು ಹಣ ಸಂದಿತು ಎಂಬುದನ್ನು ಶಾಸನಸಭೆಯ ಮುಂದಿಡುವುದು ನ್ಯಾಯ. ಬರಿದೇ ಬೀಗ ಹಾಕಿದ ಮನೆಗಳನ್ನು ಕೆಮ್ಮಣ್ಣುಗುಂಡಿಯಂತೆ ಜನರಿಗೆ ತೆರೆಯಬಹುದು.