ಲಕ್ಷ್ಮಿ ರಟ್ಟಿನ ‘ಶರಪಂಜರ’

ಮೊನ್ನೆ ಅಟ್ಟ ಗುಡಿಸೋವಾಗ ನಮ್ಮವ್ವನ ‘ಶರಪಂಜರ’ ಸಿಕ್ತು. ರಟ್ಟಿಲ್ಲ, ಮೊದಲ ನಾಲ್ಕು ಹಾಳೆ ಇಲ್ಲ, ಬೆನ್ನಿಗೆ ಗೋಣಿದಾರದ ಹೊಲಿಗೆ. ‘ಇದನ್ನ ಬಿಸಾಕಮ್ಮ’ ಅಂದು ಮಗಳು ಹೊಸದೇ ತರಿಸಿಕೊಟ್ಲು. ಅದರ ಮುಖಪುಟ ಚೆನ್ನಾಗೈತೆ, ಅಕ್ಷರವೂ ದಪ್ಪ. ಆದ್ರೂ ಹಳೇದನ್ನ ಬಿಸಾಕಕ್ಕೆ ಮನಸ್ಸು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳ್ರಮ್ಮ.

ಆಗ ಸಾತನೂರಿನ ನಮ್ಮ ಬೀದೀಲಿ ಮನೆಮನೇಲೂ ರೇಷ್ಮೆ ಹುಳ. ಹುಳ ಸೊಪ್ಪು ತಿನ್ನೋ ದಿನ ಹೆಂಗಸರಿಗೆ ಕೂರಕ್ಕೂ ಪುರುಸೊತ್ತಿಲ್ಲ. ಹುಳ ಜ್ವರಕ್ಕೆ ಕೂತಾಗ ಮಾತ್ರ ಸೊಪ್ಪು ಹಾಕಂಗಿಲ್ಲ. ಅದೇ ಅವ್ವನ ಓದೋ ದಿನ. ಜಗಲಿ ಮೇಲೆ ಕೂತು ಜೋರಾಗಿ ಓದೋಳು. ಅಕ್ಷರ ಬರದ ದೊಡ್ಡವ್ವ, ಅತ್ತೆ, ಪಕ್ಕದ ಮನೆಯವರೆಲ್ಲ ಅವರೆಕಾಯಿ ಸುಲೀತಾ ಕೇಳೋರು.

ಹೆಂಗಸರು ಕತೆಪುಸ್ತಕ ಓದಿದ್ರೆ ಕೆಡ್ತಾರೆ ಅನ್ನೋ ಮಾತು ಬಾಳ ಹಳೇದು. ನಂಜನಗೂಡಿನ ತಿರುಮಲಾಂಬ 1887ರಲ್ಲಿ ಹುಟ್ಟಿದೋರು, ಎಳೇ ವಯಸ್ಸಲ್ಲೇ ಗಂಡನ್ನ ಕಳಕೊಂಡೋರು. 1913ರಲ್ಲಿ ತಾವೇ ಪುಸ್ತಕ ಬರೆದು ಅಚ್ಚು ಹಾಕಿಸಕ್ಕೆ ಹೊರಟಾಗ ಆ ಮಾಲೆಗೆ ಇಟ್ಟ ಹೆಸರು ‘ಸತೀಹಿತೈಷಿಣಿ’. ನಂಗನ್ನಿಸೋದು, ಆ ಹೆಸರೂ ಒಂದು ರಟ್ಟೇ. ಸತಿಯರ ಹಿತ ಬಯಸೋ ಪುಸ್ತಕ ಅಂದ್ರೆ ಯಾವ ಮಾವ ಬೇಡ ಅಂದಾನು?

ನಮ್ಮವ್ವನೂ ಅಂಗೇ ಮಾಡಿದ್ಲು. ಹಳೇ ಕ್ಯಾಲೆಂಡರಿನ ಲಕ್ಷ್ಮಿ ಪಟ ಹರಿದು ‘ಶರಪಂಜರ’ಕ್ಕೆ ಬೈಂಡ್ ಹಾಕಿದ್ಲು. ನೋಡಿದೋರಿಗೆ ವ್ರತದ ಪುಸ್ತಕ.

ಅದನ್ನ ಬರೆದ ತ್ರಿವೇಣಿ ಮೈಸೂರಿನೋರು, ಮನಃಶಾಸ್ತ್ರ ಓದಿದ್ದೋರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡ್ರು, ಮೂವತ್ತೈದೂ ತುಂಬಿರಲಿಲ್ಲ. ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಮೇಲೆ ಕಾವೇರಿ ಅಂದ್ರೆ ಎಲ್ಲರಿಗೂ ಕಲ್ಪನಾ ಮುಖವೇ. ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೇಲಿ ವಾಸಿಯಾಗಿ ಮನೆಗೆ ಬಂದೋಳ ಕತೆ ಅದು. ರೋಗ ವಾಸಿಯಾಯ್ತು, ಜನರ ಕಣ್ಣು ವಾಸಿಯಾಗಲಿಲ್ಲ.

ನಾನು ಐದನೇ ಕ್ಲಾಸಲ್ಲಿದ್ದಾಗ ನಮ್ಮ ಬೀದಿ ಸೊಸೆಯೊಬ್ಬಳಿಗೆ ಅಂಗೇ ಆಯ್ತು. ಮಗೂಗೆ ಹಾಲು ಕೊಡಲ್ಲ, ರಾತ್ರಿಯೆಲ್ಲ ಗೋಡೆ ನೋಡ್ತಾ ಕೂರೋಳು. ಗಾಳಿ ಸೋಕೈತೆ ಅಂತ ತಾಯಿತ ಕಟ್ಟಿದ್ರು. ಅವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಪುಸ್ತಕ ತಗೊಂಡೋಗಿ, ಬಾಣಂತಿ ನೋಡಕ್ಕೆ ಬಂದಿದ್ದ ಅವಳ ತಮ್ಮನ ಕೈಗೆ ಕೊಟ್ಲು: ‘ಓದಪ್ಪ, ಆಮೇಲೆ ಯೋಚನೆ ಮಾಡು.’ ಹದಿನೈದು ದಿನದಲ್ಲಿ ಅವನು ಅಕ್ಕನ್ನ ಬೆಂಗಳೂರಿನ ಆಸ್ಪತ್ರೆಗೆ ಕರಕೊಂಡೋದ. ಪುಸ್ತಕ ಓದೇ ಓದ ಅಂತ ನಾನು ಹೇಳಲಾರೆ. ಅವನೂ ಹೇಳಲಿಲ್ಲ.

ಆದ್ರೆ ಒಂದು ಮಾತ್ರ ನಾನೇ ಕಣ್ಣಾರೆ ಕಂಡಿದ್ದು. ನಾಲ್ಕು ತಿಂಗಳಿಗೆ ಅವಳು ವಾಪಸ್ ಬಂದಾಗ, ನಲ್ಲಿ ಹತ್ರ ಒಬ್ಬರೂ ಗುಸುಗುಸು ಅನ್ನಲಿಲ್ಲ. ಕಾವೇರಿ ಕತೆ ಕೇಳಿ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದ ಹೆಂಗಸರೇ ಎಲ್ಲ. ದೊಡ್ಡವ್ವ ‘ಬಾರವ್ವ, ನಿನ್ನ ಬಿಂದಿಗೆ ಮೊದಲು ಇಡು’ ಅಂದ್ಲು, ಅಷ್ಟೇ.

ಪುಸ್ತಕವೂ ವಾಪಸ್ ಬಂತು, ರಟ್ಟಿಲ್ಲದೆ. ಓದಕ್ಕೆ ಬರದ ಆ ಅತ್ತೆ, ಲಕ್ಷ್ಮಿ ಪಟ ಕಿತ್ತು ದೇವರ ಗೂಡಿಗೆ ಅಂಟಿಸಿಕೊಂಡಿದ್ಲು! ಅವ್ವ ಬಿದ್ದು ಬಿದ್ದು ನಕ್ಕಳು.

ಹೊಸ ಮುದ್ರಣದಲ್ಲಿ ಕತೆ ಪೂರ್ತಿ ಐತೆ, ಹಳೇದರಲ್ಲಿ ನಾಲ್ಕು ಹಾಳೆ ಕಮ್ಮಿ. ಆದ್ರೆ ಹಳೇದರಲ್ಲಿ ಅರಿಶಿನದ ಬೆರಳಿನ ಗುರುತು ಐತೆ, ಎಣ್ಣೆ ಕಲೆ ಐತೆ, ಯಾರೋ ಮಡಚಿದ ಮೂಲೆ ಐತೆ. ಎಷ್ಟು ಮನೆ ಸುತ್ತೈತೆ ಅಂತ ಅದೇ ಹೇಳ್ತದೆ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾಯ್ದೆ ಬಂದಿದ್ದು 1965ರಲ್ಲಿ. ಕಂದಾಯ ಕಟ್ಟೋವಾಗ ಅದರ ಜೊತೆ ಗ್ರಂಥಾಲಯ ಕರ ಅಂತ ನಾವೂ ಕಟ್ತೀವಿ. ಈಗ ಪಂಚಾಯ್ತಿ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. ಗಂಡಸರು ಪೇಪರ್ ಓದೋ ಜಾಗ ಅಂತ ಸುಮ್ನಿರಬೇಡಿ, ಒಳಕ್ಕೆ ಓಗಿ ಕೇಳಿ.

ಹೊಸ ‘ಶರಪಂಜರ’ ಬೀದಿ ಸುತ್ತಕ್ಕೆ ಬಿಟ್ಟಿದ್ದೀನಿ. ಹಳೇದು ಮಾತ್ರ ಕೊಡಲ್ಲ. ಬೇಕಾದ್ರೆ ನಮ್ಮ ಜಗಲಿಗೇ ಬನ್ನಿ, ಓದಿ ಹೇಳ್ತೀನಿ. ಅವರೆಕಾಯಿ ನೀವೇ ತನ್ನಿ.