ಮಕ್ಕಳ ಕೋಣೆಯ ಬಾಗಿಲು

ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ದಾದಿ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾಳೆಯೇ ಎಂದು ಪರೀಕ್ಷಿಸಲು ಸರ್ಕಾರಿ ಅಧಿಕಾರಿಯೊಬ್ಬರು ಬಂದು ಬಾಗಿಲು ತಟ್ಟಿದರೆ? ಶಾಲೆಗೆ ಇನ್ಸ್‌ಪೆಕ್ಟರು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಮನೆಯೊಳಗಿನ ತೊಟ್ಟಿಲ ಬಳಿಗೆ ಬರುವುದನ್ನು ಊಹಿಸುವುದು ಕಷ್ಟ. ಇಂಗ್ಲೆಂಡಿನಲ್ಲಿ ಇಂಥ ತಪಾಸಣೆ ಇದೆ. ಆದರೆ ಅದು ಉಳ್ಳವರ ಮನೆಯ ಮಕ್ಕಳ ಕೋಣೆಯನ್ನು ಮುಟ್ಟಲು ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಕಾಲವೂ ಕಾನೂನು ತಟ್ಟಿದ್ದು ಬಡ ಹೆಂಗಸರ ಬಾಗಿಲನ್ನು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿಗೆ ಹೋಗೋಣ. ಅಲ್ಲಿನ ಸಿರಿವಂತರ ಮನೆಗಳಲ್ಲಿ ಮಕ್ಕಳು ಬೆಳೆಯುತ್ತಿದ್ದುದು ಸಾಮಾನ್ಯವಾಗಿ ಮೇಲಂತಸ್ತಿನ ಪ್ರತ್ಯೇಕ ಕೋಣೆಯಲ್ಲಿ, ದಾದಿಯ ಕೈಯಲ್ಲಿ. ಹಸುಳೆಗೆ ಹಾಲೂಡಿಸಲು ಆಗತಾನೆ ಹೆತ್ತ ಹೆಂಗಸನ್ನು ಸಂಬಳಕ್ಕೆ ಇಟ್ಟುಕೊಳ್ಳುವ ವಾಡಿಕೆಯೂ ಇತ್ತು. ಹಾಗಾದರೆ ಆ ಹೆಂಗಸಿನ ಸ್ವಂತ ಮಗು ಎಲ್ಲಿ? ಈ ಪ್ರಶ್ನೆಯನ್ನು ಆಗ ಕೇಳಿದವರು ಕಡಿಮೆ. ಅದು ಬಹಳ ಸಲ ಊರಾಚೆಯ ಯಾವುದೋ ಬಡಾವಣೆಯಲ್ಲಿ, ವಾರಕ್ಕೆ ಇಷ್ಟು ಶಿಲಿಂಗು ಎಂದು ಹಣ ಪಡೆದು ಕೂಸುಗಳನ್ನು ಸಾಕುವವಳ ಮನೆಯಲ್ಲಿರುತ್ತಿತ್ತು. 1834ರ ಬಡವರ ಕಾನೂನು ಮದುವೆಯಾಗದೆ ಹುಟ್ಟಿದ ಮಗುವಿನ ಹೊಣೆಯನ್ನು ಹೆಚ್ಚಾಗಿ ತಾಯಿಯ ಮೇಲೆಯೇ ಹೊರಿಸಿತ್ತು. ಮಗುವನ್ನು ಇಟ್ಟುಕೊಂಡರೆ ಮನೆಗೆಲಸ ಸಿಗದು. ಕೆಲಸ ಬಿಟ್ಟರೆ ಮಗುವಿಗೆ ಅನ್ನವಿಲ್ಲ.

ಈ ವ್ಯವಹಾರಕ್ಕೆ ‘ಬೇಬಿ ಫಾರ್ಮಿಂಗ್’ ಎಂಬ ಹೆಸರು ಬಿತ್ತು. ಕೋಳಿ ಸಾಕಿದಂತೆ ಕೂಸು ಸಾಕುವುದು ಎಂಬ ತಾತ್ಸಾರ ಆ ಹೆಸರಿನಲ್ಲಿಯೇ ಇದೆ. ಎಲ್ಲರೂ ಕೆಟ್ಟವರಾಗಿರಲಿಲ್ಲ. ಆದರೆ ಒಂದೇ ಗಂಟಿನಲ್ಲಿ ಹಣ ಪಡೆದು ಮಗುವನ್ನು ‘ದತ್ತು’ ತೆಗೆದುಕೊಳ್ಳುವವರ ವಿಷಯ ಬೇರೆ. ಮಗು ಬೇಗ ಸತ್ತಷ್ಟೂ ಅವರಿಗೆ ಲಾಭ ಹೆಚ್ಚು. ಅರ್ನೆಸ್ಟ್ ಹಾರ್ಟ್ ಸಂಪಾದಕರಾಗಿದ್ದ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 1868ರಲ್ಲಿ ಇದರ ವಿರುದ್ಧ ಬರೆಯತೊಡಗಿತು. 1870ರಲ್ಲಿ ಬ್ರಿಕ್ಸ್‌ಟನ್ನಿನ ಒಂದು ಮನೆಗೆ ಪೊಲೀಸರು ಹೋದಾಗ ಅಫೀಮಿನ ಅಮಲಿನಲ್ಲಿ ಬಿದ್ದಿದ್ದ, ಎಲುಬು ಬಿಟ್ಟ ಹಸುಳೆಗಳು ಕಂಡವು. ಆ ಮನೆಯ ಮಾರ್ಗರೆಟ್ ವಾಟರ್ಸ್‌ಳನ್ನು ಅದೇ ವರ್ಷ ಅಕ್ಟೋಬರ್ 11ರಂದು ಗಲ್ಲಿಗೇರಿಸಲಾಯಿತು.

1871ರಲ್ಲಿ ಪಾರ್ಲಿಮೆಂಟಿನ ಸಮಿತಿ ಕುಳಿತಿತು. 1872ರಲ್ಲಿ ಶಿಶು ಪ್ರಾಣ ರಕ್ಷಣಾ ಕಾನೂನು ಬಂತು. ಹಣಕ್ಕಾಗಿ ಒಂದು ವರ್ಷದೊಳಗಿನ ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಒಂದು ದಿನಕ್ಕೂ ಮೀರಿ ಇಟ್ಟುಕೊಳ್ಳುವವರು ನೋಂದಣಿ ಮಾಡಿಸಬೇಕು ಎಂಬುದು ಅದರ ತಿರುಳು. ಇದನ್ನು ವಿರೋಧಿಸಿದವರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರೂ ಇದ್ದರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬಡ ಹೆಂಗಸಿನ ಜೀವನೋಪಾಯದ ಮೇಲೆ ಗಂಡಸರ ಸರ್ಕಾರ ಕಾವಲು ಹಾಕುತ್ತಿದೆ, ತಾಯಿಗೆ ತನ್ನ ಮಗುವನ್ನು ಯಾರಲ್ಲಿ ಬಿಡಬೇಕೆಂಬ ಬುದ್ಧಿಯಿಲ್ಲವೇ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು. ಆದರೆ ಸಾಯುತ್ತಿದ್ದ ಮಕ್ಕಳಿಗೆ ಆ ವಾದ ಉತ್ತರವಾಗಿರಲಿಲ್ಲ ಎಂದೇ ನನಗೆ ತೋರುತ್ತದೆ.

ಕಾನೂನಿನಲ್ಲಿ ದೊಡ್ಡದೊಂದು ತೂತಿತ್ತು. ಒಂದೇ ಮಗುವನ್ನು ಇಟ್ಟುಕೊಂಡವರಿಗೆ ನೋಂದಣಿ ಬೇಕಿರಲಿಲ್ಲ. 1896ರಲ್ಲಿ ರೆಡಿಂಗ್ ಬಳಿ ಥೇಮ್ಸ್ ನದಿಯಲ್ಲಿ ಹಸುಳೆಗಳ ಹೆಣಗಳು ಸಿಕ್ಕವು. ಅಮೀಲಿಯಾ ಡಯರ್ ಎಂಬ ಮಾಜಿ ನರ್ಸ್ ಹಣ ಪಡೆದು ಮಕ್ಕಳನ್ನು ತಂದು ಕೊರಳಿಗೆ ಟೇಪು ಬಿಗಿದು ಕೊಲ್ಲುತ್ತಿದ್ದಳು. ಜೂನ್ 10ರಂದು ಅವಳಿಗೆ ಗಲ್ಲಾಯಿತು. 1897ರ ಕಾನೂನು ವಯಸ್ಸಿನ ಮಿತಿಯನ್ನು ಐದು ವರ್ಷಕ್ಕೆ ಏರಿಸಿತು. 1908ರ ಮಕ್ಕಳ ಕಾನೂನು ಒಂದೇ ಮಗುವಿದ್ದರೂ ತಿಳಿಸಬೇಕೆಂದಿತು. ಇನ್ಸ್‌ಪೆಕ್ಟರನ್ನು ಒಳಗೆ ಬಿಡದಿದ್ದರೆ ಮ್ಯಾಜಿಸ್ಟ್ರೇಟರ ವಾರಂಟು ತರಬಹುದಾಗಿತ್ತು.

ಆದರೆ ಸಿರಿವಂತರ ಮನೆಯ ನ್ಯಾನಿ? ಅವಳ ಕಡೆಗೆ ಕಾನೂನು ತಿರುಗಿಯೂ ನೋಡಲಿಲ್ಲ. 1892ರಲ್ಲಿ ಎಮಿಲಿ ವಾರ್ಡ್ ಲಂಡನ್ನಿನಲ್ಲಿ ನಾರ್ಲೆಂಡ್ ಎಂಬ ತರಬೇತಿ ಸಂಸ್ಥೆ ತೆರೆದು ನ್ಯಾನಿಯ ಕೆಲಸಕ್ಕೆ ವಿದ್ಯೆಯ ಗೌರವ ತಂದರು. ಅದು ಖಾಸಗಿ ಏರ್ಪಾಡು. ಭಾರತದಿಂದ ದೊರೆಗಳ ಮಕ್ಕಳೊಡನೆ ಹಡಗು ಹತ್ತಿದ ಆಯಾಗಳಿಗೆ ಅದೂ ಇರಲಿಲ್ಲ. (‘ಆಯಾ’ ಪದ ನಮಗೆ ಬಂದದ್ದು ಪೋರ್ಚುಗೀಸರಿಂದ.) ಲಂಡನ್ ತಲುಪಿದ ಮೇಲೆ ಕೆಲವರನ್ನು ಕೆಲಸದಿಂದ ಬಿಡಿಸಿ ನಡುನೀರಿನಲ್ಲಿ ಕೈಬಿಡುತ್ತಿದ್ದರು. ಅಂಥವರು ತಂಗುತ್ತಿದ್ದ ಹ್ಯಾಕ್ನಿಯ ಆಯಾಗಳ ಮನೆಗೆ 2022ರಲ್ಲಿ ಸ್ಮಾರಕ ಫಲಕ ಹಾಕಲಾಗಿದೆ. ಮಗುವಿಗೆ ಕಾವಲು ಬೇಕೆಂದು ವಾದಿಸಿದ ಆ ಕಾಲ, ಮಗುವನ್ನು ಕಾಯುವವಳಿಗೂ ಕಾವಲು ಬೇಕೆಂದು ಯೋಚಿಸಿದ್ದು ಕಡಿಮೆ.

1948ರ ಕಾನೂನು ಹಗಲು ಹೊತ್ತು ತಮ್ಮ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನು ನೋಂದಣಿಗೆ ಒಳಪಡಿಸಿತು. 1989ರ ಮಕ್ಕಳ ಕಾನೂನಂತೂ, ತಂದೆತಾಯಿ ನೇಮಿಸಿಕೊಂಡು ಅವರ ಮನೆಯಲ್ಲೇ ದುಡಿಯುವ ನ್ಯಾನಿ ಈ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಕಡೆಗೆ ಬಾಗಿಲು ಸ್ವಲ್ಪ ತೆರೆದದ್ದು ಹಣದಿಂದ. ಮಕ್ಕಳ ಪಾಲನೆಯ ವೆಚ್ಚಕ್ಕೆ ಸರ್ಕಾರದ ತೆರಿಗೆ ರಿಯಾಯಿತಿ ಬೇಕಾದರೆ ನ್ಯಾನಿ ನೋಂದಾಯಿತಳಾಗಿರಬೇಕೆಂಬ ಷರತ್ತು ಬಂತು. 2006ರ ಕಾನೂನಿನ ಪ್ರಕಾರ 2007ರಿಂದ ಶಾಲೆಗಳನ್ನು ತಪಾಸಣೆ ಮಾಡುವ ‘ಆಫ್‌ಸ್ಟೆಡ್’ ಸಂಸ್ಥೆಯೇ ಈ ಐಚ್ಛಿಕ ಪಟ್ಟಿಯನ್ನು ಇಟ್ಟಿದೆ. ಹದಿನೆಂಟು ತುಂಬಿರಬೇಕು, ಮಕ್ಕಳ ಪ್ರಥಮ ಚಿಕಿತ್ಸೆ ಕಲಿತಿರಬೇಕು, ವಿಮೆ ಇರಬೇಕು, ಅಪರಾಧ ದಾಖಲೆಯ ಪರಿಶೀಲನೆ ಆಗಿರಬೇಕು.

ಪಟ್ಟಿಯಲ್ಲಿರುವ ಎಲ್ಲರ ತಪಾಸಣೆ ನಡೆಯುವುದಿಲ್ಲ. ವರ್ಷಕ್ಕೆ ಸುಮಾರು ನೂರಕ್ಕೆ ಹತ್ತು ಮಂದಿಯನ್ನು ಮಾದರಿಯಾಗಿ ಆರಿಸುತ್ತಾರೆ. ವಿಜ್ಞಾನದ ಪ್ರಯೋಗಾಲಯದಲ್ಲಿ ಇಂಥ ಮಾದರಿ ಇಡೀ ರಾಶಿಯ ಗುಣವನ್ನು ಹೇಳಬಲ್ಲದು. ಯಾವುದೋ ಒಂದು ಮನೆಯ ಒಂದು ಮಗುವಿನ ಬಗ್ಗೆ ಏನೂ ಹೇಳಲಾರದು. ಅಧಿಕಾರಿ ಬಂದರೂ ಆ ಮನೆಯಲ್ಲಿ ವಾಸಿಸುವ ವಯಸ್ಕರೊಬ್ಬರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ವರದಿಯಲ್ಲಿ ದರ್ಜೆ ಇರುವುದಿಲ್ಲ. ಷರತ್ತುಗಳು ಪೂರೈಸಿವೆ ಅಥವಾ ಇಲ್ಲ ಎಂಬ ಎರಡೇ ಮಾತು. ಪಟ್ಟಿಗೆ ಸೇರದೆ ನ್ಯಾನಿಯಾಗಿ ದುಡಿಯುವುದು ಅಲ್ಲಿ ಅಪರಾಧವಲ್ಲ; ಅಂಥವಳು ಕೆಲಸ ಮಾಡುವ ಮನೆಗೆ ಈ ತಪಾಸಣೆ ಬರುವುದೂ ಇಲ್ಲ.