ಸದ್ದಿಲ್ಲದ ಕಾರು ಸದ್ದು ಮಾಡಿದಾಗ

ಅರ್ಧ ಡಾಲರಿಗೆ ಸಿಗುವ ಒಂದು ತೆಳ್ಳನೆಯ ಲೋಹದ ಬಿಲ್ಲೆ. ನೋಡಲು ವಾಷರ್ ಥರ ಇರುತ್ತೆ, ಗ್ಯಾರೇಜ್ ಭಾಷೆಯಲ್ಲಿ ಅದಕ್ಕೆ ಶಿಮ್ ಅಂತಾರೆ. 2014ರಲ್ಲಿ ಟೆಸ್ಲಾ ಕಂಪನಿಯ ಎಲಾನ್ ಮಸ್ಕ್ ಹೂಡಿಕೆದಾರರ ಜೊತೆ ಮಾತಾಡುವಾಗ ಈ ಬಿಲ್ಲೆಯ ವಿಷಯ ಬಂತು. 2012ರಲ್ಲಿ ರಸ್ತೆಗಿಳಿದ ಅವರ ಮಾಡೆಲ್ ಎಸ್ ಕಾರುಗಳಲ್ಲಿ ಕೆಲವು ಗುಂಯ್ ಅಂತ ಸದ್ದು ಮಾಡುತ್ತಿದ್ದವು. ಸರ್ವಿಸ್ ಸೆಂಟರಿನವರು ಮೋಟಾರ್, ಗೇರ್ ಎಲ್ಲ ಸೇರಿದ ಡ್ರೈವ್ ಯೂನಿಟ್ಟನ್ನೇ ಕೆಳಗಿಳಿಸಿ ಹೊಸದು ಕೂರಿಸುತ್ತಿದ್ದರು. ಆಮೇಲೆ ಗೊತ್ತಾಗಿದ್ದೇನು ಅಂದರೆ, ಕೆಲವು ಕಾರುಗಳಲ್ಲಿ ಡ್ರೈವ್ ಯೂನಿಟ್ಟಿಗೆ ಏನೂ ಆಗಿರಲೇ ಇಲ್ಲ. ಸಡಿಲವಾಗಿದ್ದ ಒಂದು ಕೇಬಲ್ ಅದುರುತ್ತಿತ್ತು, ಅದನ್ನು ಪ್ಲಾಸ್ಟಿಕ್ ಟೈ ಹಾಕಿ ಬಿಗಿದರೆ ಸಾಕಿತ್ತು. ಇನ್ನು ಕೆಲವಕ್ಕೆ ಬೇಕಿದ್ದದ್ದು ಆ ಐವತ್ತು ಸೆಂಟಿನ ಶಿಮ್ ಅಷ್ಟೇ. ಅದೇ ಆಗಸ್ಟಿನಲ್ಲಿ ಕಂಪನಿ ಡ್ರೈವ್ ಯೂನಿಟ್ಟಿನ ವಾರಂಟಿಯನ್ನು ಎಂಟು ವರ್ಷಕ್ಕೆ ಏರಿಸಿತು, ಮೈಲಿಯ ಮಿತಿ ಇಲ್ಲದೆ.

ಇದನ್ನು ಓದಿ ನಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ರಾಕೆಟ್ ಹಾರಿಸುವ ಮನುಷ್ಯನ ಕಂಪನಿಗೆ ಒಂದು ಸದ್ದಿನ ಮೂಲ ಯಾಕೆ ಸಿಗಲಿಲ್ಲ? ಜಾಣರು ಇರಲಿಲ್ಲ ಅಂತಲ್ಲ. ಕಾರಿನ ಸದ್ದು ಕೇಳಿ ರೋಗ ಹೇಳುವ ವಿದ್ಯೆ ನೂರು ವರ್ಷ ಬೆಳೆದದ್ದು ಪೆಟ್ರೋಲ್ ಇಂಜಿನ್ನಿನ ಪಕ್ಕದಲ್ಲಿ. ಆ ಇಂಜಿನ್ ಹೋದ ಮೇಲೆ ಕಿವಿಗೆ ಮತ್ತೆ ಒಂದನೇ ಕ್ಲಾಸಿನಿಂದ ಪಾಠ ಶುರುವಾಯಿತು.

ಈ ವಿದ್ಯೆ ಮಾತ್ರ ಕಾರಿಗಿಂತ ತುಂಬಾ ಹಳೆಯದು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ತೀರಿಕೊಂಡ ಎರಡು ವರ್ಷಕ್ಕೆ, 1705ರಲ್ಲಿ, ಅವನ ಬರಹಗಳು ಅಚ್ಚಾದವು. ವಸ್ತುವೊಂದರ ಒಳಗಿನ ಭಾಗಗಳ ಚಲನೆಯನ್ನು, ಬಿಚ್ಚದೆಯೇ, ಅದರ ಸದ್ದಿನಿಂದ ತಿಳಿಯುವುದು ಸಾಧ್ಯವಾದೀತು ಅನ್ನುವ ಊಹೆ ಅದರಲ್ಲಿದೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದದ ಹಾಳೆಗಳನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗೆ ಹಿಡಿದ. ಸ್ಟೆತೊಸ್ಕೋಪ್ ಹುಟ್ಟಿದ್ದು ಹೀಗೆ. ರೈಲು ಬಂದ ಮೇಲೆ ಸ್ಟೇಷನ್ನುಗಳಲ್ಲಿ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಯನ್ನು ಬಡಿದು ಹೋಗುವವರು ಬಂದರು. ಗಾಲಿ ಗಂಟೆಯ ಹಾಗೆ ಠಣ್ ಅಂದರೆ ಸರಿ, ಮಂಕಾಗಿ ಟಪ್ ಅಂದರೆ ಬಿರುಕು ಬಿಟ್ಟಿರಬಹುದು. ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳಲ್ಲಿ ತಟ್ಟಿ ನೋಡುತ್ತಿದ್ದರಲ್ಲ, ಅದೇ ಲೆಕ್ಕ. ಕಾರಿನ ಕಾಲಕ್ಕೆ ಬಂದರೆ ಮೆಕ್ಯಾನಿಕ್ಕಿನ ಸ್ಟೆತೊಸ್ಕೋಪ್ ಒಂದು ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿ ಇಂಜಿನ್ನಿನ ಮೇಲೆ, ಹಿಡಿ ಕಿವಿಯ ಪಕ್ಕದ ಎಲುಬಿಗೆ. ಬೆಂಗಳೂರಿನ ಕಲಾಸಿಪಾಳ್ಯದಿಂದ ಹಿಡಿದು ಸಣ್ಣ ಊರಿನ ಬೈಪಾಸ್ ಗ್ಯಾರೇಜಿನವರೆಗೆ, ಟಪೆಟ್ ಸದ್ದು ಯಾವುದು, ಬೇರಿಂಗ್ ಸದ್ದು ಯಾವುದು ಅಂತ ಹೀಗೇ ಬೇರೆ ಮಾಡುತ್ತಿದ್ದರು.

ಆದರೆ ಈ ಕಥೆಯಲ್ಲಿ ಎಲೆಕ್ಟ್ರಿಕ್ ಕಾರು ಮೊದಲ ಅಧ್ಯಾಯದಲ್ಲೇ ಇತ್ತು. 1899ರ ಏಪ್ರಿಲ್ 29ರಂದು ಬೆಲ್ಜಿಯಂನ ಕಮೀಲ್ ಜೆನಾಟ್ಜಿ ಪ್ಯಾರಿಸ್ ಹತ್ತಿರ ಗಂಟೆಗೆ 100 ಕಿಲೋಮೀಟರ್ ವೇಗವನ್ನು ದಾಟಿದ್ದು ಬ್ಯಾಟರಿ ಕಾರಿನಲ್ಲಿ. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,681 ಹಬೆಯವು, 1,575 ಎಲೆಕ್ಟ್ರಿಕ್, ಪೆಟ್ರೋಲಿನವು ಬರೀ 936. ವಾಸನೆ ಇಲ್ಲ, ಹ್ಯಾಂಡಲ್ ಹಾಕಿ ತಿರುಗಿಸುವ ಕಷ್ಟ ಇಲ್ಲ, ಗದ್ದಲ ಇಲ್ಲ ಅಂತಲೇ ಅವನ್ನು ಮಾರುತ್ತಿದ್ದರು. ಪೆಟ್ರೋಲ್ ಕಾರಿನಿಂದ ಲೋಕವನ್ನೇ ಬದಲಿಸಿದ ಹೆನ್ರಿ ಫೋರ್ಡ್ ಅವರ ಹೆಂಡತಿ ಕ್ಲಾರಾ ತಾವು ಓಡಿಸಲು ಇಟ್ಟುಕೊಂಡಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್! ಆದರೆ ಆ ಹೊತ್ತಿಗಾಗಲೇ ಆಟ ಬದಲಾಗಿತ್ತು. ಅಗ್ಗದ ಮಾಡೆಲ್ ಟಿ ಬಂದಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಕೂಡ ಬಂದಿತ್ತು. ಬ್ಯಾಟರಿ ಕಾರು ಮೂಲೆಗೆ ಸರಿಯಿತು. ಅದರ ಸದ್ದನ್ನು ಅರಿಯಬಹುದಾಗಿದ್ದ ಒಂದಿಡೀ ಮೆಕ್ಯಾನಿಕ್ ಪರಂಪರೆ ಹುಟ್ಟುವ ಮೊದಲೇ ನಿಂತಿತು.

ಇಂಜಿನ್ ಗೆದ್ದಾಗ ಅದರ ಜೊತೆ ಒಂದು ಪರದೆಯೂ ಬಂತು. ಅದನ್ನು ಅಳೆದು ತೋರಿಸಿದ್ದು 1924ರಲ್ಲಿ ಅಮೆರಿಕದ ವೆಗೆಲ್ ಮತ್ತು ಲೇನ್. ಒಂದು ಸ್ವರ ಇನ್ನೊಂದನ್ನು ಹೇಗೆ ಮುಚ್ಚುತ್ತೆ ಅನ್ನುವುದು ಅವರ ಪ್ರಯೋಗ. ಜೋರಾದ ತಗ್ಗು ಸ್ವರವು ಏರು ಸ್ವರವನ್ನು ಸುಲಭವಾಗಿ ಮುಚ್ಚುತ್ತೆ, ಏರು ಸ್ವರಕ್ಕೆ ತಗ್ಗು ಸ್ವರವನ್ನು ಮುಚ್ಚುವುದು ಕಷ್ಟ. ಇದನ್ನು ಕಾರಿಗೆ ಹಚ್ಚಿ ನೋಡಿ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ಪೆಟ್ರೋಲ್ ಉರಿಯುತ್ತೆ. 100 ಹರ್ಟ್ಸಿನ ಆ ಗುರ್ ಅನ್ನುವ ಸದ್ದು ಕಂಬಳಿಯ ಹಾಗೆ. ಡ್ಯಾಶ್‌ಬೋರ್ಡಿನ ಕಿರಕಿರ, ಗೇರಿನ ಕೊಯ್ಯ್, ಟೈರಿನ ಗುಂಗು ಎಲ್ಲ ಅದರಡಿ ಮಲಗಿರುತ್ತವೆ. 1958ರಲ್ಲಿ ಡೇವಿಡ್ ಒಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಪ್ರಸಿದ್ಧ ಜಾಹೀರಾತು ನೆನಪಿಸಿಕೊಳ್ಳಿ. ಅರವತ್ತು ಮೈಲಿ ವೇಗದಲ್ಲೂ ಒಳಗಿನ ಗಡಿಯಾರದ ಸದ್ದೇ ದೊಡ್ಡದು ಅನ್ನುವುದು ಅದರ ಸಾರ. ಜನ ಅದನ್ನು ಹೊಗಳಿಕೆ ಅಂತ ಓದಿದರು. ಎಂಜಿನಿಯರ್ ಆದವನು ಅದನ್ನು ಎಚ್ಚರಿಕೆ ಅಂತಲೂ ಓದಬಹುದು: ಉಳಿದದ್ದೆಲ್ಲ ಸುಮ್ಮನಾದರೆ ಗಡಿಯಾರವೂ ಗದ್ದಲವೇ.

ಬೆಂಗಳೂರಿಗೆ ಈ ಮೌನ ಬೇಗನೇ ಬಂದಿತ್ತು. ಚೇತನ್ ಮೈನಿಯವರ ರೇವಾ 2001ರಲ್ಲಿ ಇಲ್ಲೇ ರಸ್ತೆಗಿಳಿಯಿತು, ಮುಂದೆ ಜಿ-ವಿಜ್ ಅನ್ನುವ ಹೆಸರಲ್ಲಿ ಲಂಡನ್ನಿನಲ್ಲೂ ಓಡಾಡಿತು. ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋದರೆ ಹಸಿರು ನಂಬರ್ ಪ್ಲೇಟುಗಳ ಸಾಲೇ ಇದೆ. ಅವುಗಳ ಮಾಲೀಕರು ಮೊದಲ ಮೂರು ತಿಂಗಳು ಮೌನವನ್ನು ಹೊಗಳುತ್ತಾರೆ. ನಾಲ್ಕನೇ ತಿಂಗಳು, "ಏನೋ ಒಂದು ಸೌಂಡ್ ಬರ್ತಿದೆ ಮಾರಾಯ" ಅಂತ ಶುರುವಾಗುತ್ತೆ. ಸರ್ವಿಸ್ ಸೆಂಟರಿಗೆ ಹೋದರೆ ಸಿಗುವುದು ಎರಡೇ ಉತ್ತರ. ಒಂದು, "ಇವೀ ಅಂದ್ರೆ ಹಾಗೇ ಸಾರ್." ಇನ್ನೊಂದು, "ಇಡೀ ಅಸೆಂಬ್ಲಿ ಚೇಂಜ್ ಮಾಡಬೇಕು ಮೇಡಂ." ಮೊದಲನೆಯದರಲ್ಲಿ ನಿಜವಾದ ದೋಷ ತಪ್ಪಿಸಿಕೊಳ್ಳುತ್ತೆ, ಎರಡನೆಯದರಲ್ಲಿ ವಾರಂಟಿ ಮುಗಿದಿದ್ದರೆ ನಿಮ್ಮ ದುಡ್ಡು ಹೋಗುತ್ತೆ.

ಹಾಗಾದರೆ ಮಾಡುವುದೇನು? ಸ್ಕ್ರೂಡ್ರೈವರ್ ಕಾಲದ ಮೇಸ್ತ್ರಿಗಳು ಮೊದಲು ಕೇಳುತ್ತಿದ್ದ ಪ್ರಶ್ನೆ "ಎಲ್ಲಿ ಬರುತ್ತೆ?" ಅಂತ ಅಲ್ಲ, "ಯಾವಾಗ ಬರುತ್ತೆ?" ಅಂತ. ಬ್ಯಾಟರಿ ಕಾರಿನಲ್ಲೂ ಬಾಗಿಲು ತೆರೆಯುವುದು ಆ ಪ್ರಶ್ನೆಯಿಂದಲೇ.

ನಿಧಾನಕ್ಕೆ ಹೋಗುವಾಗ ಮಾತ್ರ ಹೂಂ ಅನ್ನುವ ಹಮ್ಮಿಂಗ್ ಕೇಳಿ, ವೇಗ ಹೆಚ್ಚಾದ ತಕ್ಷಣ ನಿಂತರೆ ಗಾಬರಿ ಬೇಡ. ಅದು ಬೇಕಂತಲೇ ಸ್ಪೀಕರಿನಿಂದ ಬಿಡುವ ಸದ್ದು ಇರಬಹುದು. ಸದ್ದಿಲ್ಲದ ಕಾರು ಹತ್ತಿರ ಬಂದದ್ದು ದೃಷ್ಟಿಯಿಲ್ಲದವರಿಗೆ ಗೊತ್ತಾಗುವುದಿಲ್ಲ ಅಂತ ಅಮೆರಿಕದ ಅಂಧರ ಸಂಘಟನೆ ವರ್ಷಗಟ್ಟಲೆ ಹೋರಾಡಿತು. 2016ರಲ್ಲಿ ವಿಶ್ವಸಂಸ್ಥೆಯ 138ನೇ ನಿಯಮ ಬಂತು: ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಕನಿಷ್ಠ 56 ಡೆಸಿಬೆಲ್. ಯುರೋಪಿನಲ್ಲಿ 2021ರ ಜುಲೈಯಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಇಂಥ ಸದ್ದು ಕಡ್ಡಾಯ. ಮೌನವನ್ನು ಮಾರಿದ ಕಾರಿಗೆ ಕಾನೂನೇ ಬಾಯಿ ಕೊಟ್ಟಿತು!

ಕಾರಿನ ವೇಗ ಏರಿದಂತೆ ಸ್ವರವೂ ಏರುತ್ತಾ? ಹಾಗಿದ್ದರೆ ತಿರುಗುವ ವಸ್ತುವೇ ಕಾರಣ. ಮೋಟಾರ್ ಸೆಕೆಂಡಿಗೆ 75 ಸುತ್ತು ತಿರುಗುತ್ತಿದೆ, ಅದರ ಗೇರಿಗೆ 25 ಹಲ್ಲು ಅಂದುಕೊಳ್ಳಿ. ಹಲ್ಲಿಗೆ ಹಲ್ಲು ಸೇರುವುದು ಸೆಕೆಂಡಿಗೆ 1,875 ಸಲ. ನಮ್ಮ ಕಿವಿ ತುಂಬಾ ಚುರುಕಾಗಿರುವ 2,000 ಹರ್ಟ್ಸಿನ ಆಸುಪಾಸಿಗೇ ಅದು ಬಂದು ನಿಲ್ಲುತ್ತೆ. ಪೆಟ್ರೋಲ್ ಕಾರನ್ನು ರಿವರ್ಸ್ ತೆಗೆಯುವಾಗ ಉಂಯ್ ಅಂತ ಕೇಳಿಸುತ್ತಲ್ಲ, ಅದೂ ಗೇರಿನ ಸದ್ದೇ. ರಿವರ್ಸ್ ಗೇರಿಗೆ ಸಾಮಾನ್ಯವಾಗಿ ನೇರ ಹಲ್ಲು, ಮುಂದಿನ ಗೇರುಗಳಿಗೆ ಓರೆ ಹಲ್ಲು. ಇವೀಯಲ್ಲೂ ಓರೆ ಹಲ್ಲೇ ಇರುತ್ತೆ, ಆದರೂ ಒಂದಿಷ್ಟು ಕೊಯ್ಯ್ ಸಹಜ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಕಾಲು ತೆಗೆದಾಗ ಇನ್ನೊಂದು ಥರ ಕೇಳಿಸಿ, ತಿಂಗಳಿಂದ ತಿಂಗಳಿಗೆ ಜೋರಾಗುತ್ತಿದ್ದರೆ ಮಾತ್ರ ಗೇರು, ಬೇರಿಂಗು ತೋರಿಸಬೇಕು.

ವೇಗಕ್ಕೂ ಸ್ವರಕ್ಕೂ ನೇರ ಸಂಬಂಧವೇ ಇಲ್ಲದಿದ್ದರೆ ಇನ್ವರ್ಟರ್, ಪಂಪ್, ಫ್ಯಾನ್ ಕಡೆ ನೋಡಿ. ಬ್ಯಾಟರಿಯ ಕರೆಂಟನ್ನು ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಕೊಡುತ್ತೆ, ಆ ಕತ್ತರಿಯ ಸದ್ದೇ ಸಣ್ಣಗೆ ಕೇಳಿಸುವುದು. ನಮ್ಮ ಮೆಟ್ರೋ ಹೊರಡುವಾಗ ಕೇಳಿಸುವ ಏರುಸ್ವರದ್ದೂ ಇದೇ ಜಾತಿ. ಜಪಾನಿನ ಕೇಕ್ಯೂ ರೈಲ್ವೆಯಲ್ಲಿ 1998ರಲ್ಲಿ ಬಂದ 2100 ಸರಣಿಯ ರೈಲುಗಳಿಗೆ ಸೀಮೆನ್ಸ್‌ನವರು ಈ ಸದ್ದನ್ನು ಸರಿಗಮದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಮಾಡಿದ್ದರು. ತಪ್ಪಿಸಲಾಗದ ಸದ್ದನ್ನು ಹಾಡಾಗಿಸಿದ ಜಾಣತನ ಅದು.

ನಿಂತ ಕಾರು, ಚಾರ್ಜಿಗೆ ಹಾಕಿದ ಕಾರು ಸದ್ದು ಮಾಡುತ್ತಿದೆಯಾ? ಬ್ಯಾಟರಿ ತಂಪಾಗಿಸುವ ಕಂಪ್ರೆಸರ್ ಮನೆಯ ಫ್ರಿಜ್ಜಿನ ಹಾಗೆ ಗುಂಗುಡುವುದು ಸಹಜ. ಆನ್ ಮಾಡುವಾಗ ಒಂದು ಟಕ್ ಕೇಳಿದರೆ, ಬ್ಯಾಟರಿಯನ್ನು ಕಾರಿಗೆ ಜೋಡಿಸುವ ದೊಡ್ಡ ಸ್ವಿಚ್ಚು ಕೂತ ಸದ್ದು. ಹಂಪ್ ಹತ್ತುವಾಗ ಕಟಕಟ ಅಂದರೆ ಸಸ್ಪೆನ್ಷನ್ನಿನ ಲಿಂಕು, ಬುಷ್ಷು ನೋಡಿಸಿ. ಬ್ಯಾಟರಿಯ ಭಾರ ಅವುಗಳ ಮೇಲೇ ತಾನೆ ಬೀಳುವುದು? ಡಾಂಬರಿನ ಮೇಲೆ ಒಂದು ಸದ್ದು, ವೈಟ್ ಟಾಪಿಂಗ್ ರಸ್ತೆಯ ಮೇಲೆ ಇನ್ನೊಂದು ಸದ್ದಾದರೆ ಅದು ಟೈರಿನದ್ದು. ರಸ್ತೆ ಬದಲಾದರೂ ಒಂದೇ ಥರ ಗೊರ್ ಅಂತಿದ್ದು, ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಎಡ ಚಕ್ರದ ಬೇರಿಂಗ್ ಮೇಲೆ ಅನುಮಾನ. ಯಾಕೆಂದರೆ ಆಗ ಭಾರ ವಾಲುವುದು ಎಡಕ್ಕೆ. ಮಳೆಯ ಮಾರನೇ ದಿನ ಬ್ರೇಕ್ ಒತ್ತಿದರೆ ಕರ್ರ್ ಅನ್ನುತ್ತಾ? ಇವೀಯಲ್ಲಿ ಮೋಟಾರೇ ಬಹುಪಾಲು ಬ್ರೇಕ್ ಹಾಕುವುದರಿಂದ ಡಿಸ್ಕಿನ ತುಕ್ಕು ಬೇಗ ಉಜ್ಜಿ ಹೋಗುವುದಿಲ್ಲ. ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದ ಮೇಲೂ ಹೋಗದಿದ್ದರೆ ಮಾತ್ರ ಪ್ಯಾಡ್ ತೋರಿಸಿ.

ಒಂದು ವಿಷಯದಲ್ಲಿ ಹಳೆ ವಿದ್ಯೆಯನ್ನು ಬಿಟ್ಟುಬಿಡಬೇಕು. ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಸ್ಕ್ರೂಡ್ರೈವರ್ ಹಿಡಿದು ಕಿವಿಗೊಡಲು ಹೋಗಬೇಡಿ. ಅಲ್ಲಿರುವುದು ನೂರಾರು ವೋಲ್ಟ್. ಅದರ ಬದಲು ನಿಮ್ಮ ಜೇಬಿನಲ್ಲೇ ಇನ್ನೊಂದು ಸಾಧನ ಇದೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಲೆಕ್ಕದ ವಿಧಾನದಿಂದಾಗಿ ಯಾವುದೇ ಸದ್ದನ್ನು ಅದರ ಸ್ವರಗಳಾಗಿ ಬಿಡಿಸುವುದು ಕಂಪ್ಯೂಟರಿಗೆ ಸಲೀಸಾಯಿತು. ಇವತ್ತು ಫೋನಿನ ಪುಕ್ಕಟೆ ಸ್ಪೆಕ್ಟ್ರಮ್ ಆಪ್ ಕೂಡ ಅದನ್ನು ಮಾಡುತ್ತೆ. ಪಕ್ಕದ ಸೀಟಿನವರು ಫೋನ್ ಹಿಡಿಯಲಿ. 30, 40, 60ರ ವೇಗದಲ್ಲಿ ರೆಕಾರ್ಡ್ ಮಾಡಿ, ವೇಗವನ್ನು ಬಾಯಲ್ಲಿ ಹೇಳುತ್ತಾ ಹೋಗಿ. ಒತ್ತಿದಾಗ, ಬಿಟ್ಟಾಗ, ಏಸಿ ಆಫ್ ಮಾಡಿದಾಗ, ತಿರುವಿನಲ್ಲಿ, ಹೀಗೆ ಒಂದೊಂದೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಉತ್ತರ ಕಲಸಿಹೋಗುತ್ತೆ.

ಗಾಲಿ ಬಡಿಯುವವನ ಹತ್ತಿರ ಸುತ್ತಿಗೆಯೂ ಇತ್ತು, ರೈಲೂ ಇತ್ತು. ಗಲ್ಲಿಯ ಮೆಕ್ಯಾನಿಕ್ಕಿಗೆ ಇವತ್ತಿನ ಬ್ಯಾಟರಿ ಕಾರಿನ ಸಾಫ್ಟ್‌ವೇರ್ ತೆರೆಯಲು ಬಿಡುವುದಿಲ್ಲ. ಸಾಫ್ಟ್‌ವೇರ್ ಇರುವ ಸರ್ವಿಸ್ ಸೆಂಟರಿನವನಿಗೆ ನಿಮ್ಮ ಕಾರಿನ ಜೊತೆ ಇಪ್ಪತ್ತು ನಿಮಿಷದ ಟೆಸ್ಟ್ ಡ್ರೈವ್ ಅಷ್ಟೇ. ಆ ಇಪ್ಪತ್ತು ನಿಮಿಷ ಕಾರು ಸುಮ್ಮನಿದ್ದರೆ "ನೋ ಇಶ್ಯೂ ಫೌಂಡ್" ಅಂತ ಬರೆದು ಕಳಿಸುತ್ತಾರೆ. ದಿನಾ ಬೆಳಗ್ಗೆ ಸಂಜೆ ಆ ಸದ್ದನ್ನು ಕೇಳುವವರು ನೀವೊಬ್ಬರೇ. ಹಾಗಾಗಿ ಜಾಬ್ ಕಾರ್ಡಿನಲ್ಲಿ "ಸೌಂಡ್ ಬರ್ತಿದೆ" ಅಂತ ಬರೆಸಿ ಸುಮ್ಮನಾಗಬೇಡಿ. "40 ದಾಟಿದ ಮೇಲೆ, ಕಾಲು ತೆಗೆದಾಗ ಮಾತ್ರ, ಹಿಂದಿನ ಎಡಗಡೆಯಿಂದ, ಏಸಿ ಆಫ್ ಇದ್ದರೂ" ಅಂತ ಪೂರ್ತಿ ಬರೆಸಿ, ರೆಕಾರ್ಡಿಂಗ್ ಕಳಿಸಿ, ಬರೆದಿದ್ದರ ಕಾಪಿ ತಗೊಳ್ಳಿ.